ಇನ್ಶೂರೆನ್ಸ್ ಇರುವ ಕೊನೆಯ ದಿನ

ಮಗಳ ಅಲುಗಾಡುವ ಹಲ್ಲು ತೋರಿಸಲು ಹಲ್ಲಿನ ಡಾಕ್ಟರ ಬಳಿ ಹೋಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಅಕ್ಕ, ಅವಳ ತಮ್ಮ. ತಮ್ಮನ ಬಾಯಿ ಮರಗಟ್ಟಲೆಂದು ಇಂಜೆಕ್ಷನ್ ಕೊಟ್ಟು ಹೊರಗೆ ಕೂರಿಸಿದ್ದರು.

“ಅಕ್ಕಾ, ತುಟಿ ಇದೆಯೋ ಇಲ್ವೋ ಗೊತ್ತಾಗ್ತಿಲ್ಲ.”

“ಇದೆ ಕಣೋ, ಜೋತಾಡ್ತಿದೆ.”

“ಎರಡು ಹಲ್ಲೂ ಇವತ್ತೇ ಕೀಳಿಸ್ಬೇಕಾ?”

“ನಿನ್ನ ಕೆಲಸದಿಂದ ತೆಗೆದವರು ಇನ್ಶೂರೆನ್ಸ್ ಇವತ್ತಿನ ತನಕ ಮಾತ್ರ ಬಿಟ್ಟಿರೋದು. ನಾಳೆಯಿಂದ ಹಲ್ಲೂ ನಿಂದು, ಬಿಲ್ಲೂ ನಿಂದು.”

“ಅದಕ್ಕೇ ಈ ವಾರ ಕಣ್ಣು, ಕಿವಿ, ಮಂಡಿ ಎಲ್ಲಾ ತೋರಿಸಿದ್ಯಲ್ಲ! ಮಂಡಿ ನೋವೇ ಇರ್ಲಿಲ್ಲ ನಂಗೆ.”

“ಮುಂದಿನ ತಿಂಗಳು ಬಂದ್ರೆ ಏನ್ಮಾಡ್ತಿದ್ದೆ?”

“ಇಂಟರ್‌ವ್ಯೂ ಇದೆಯಲ್ಲೇ ಇವತ್ತು.”

“ಫೋನಲ್ಲಿ ತಾನೆ, ನಾಲ್ಕು ಗಂಟೆಗೆ. ಅಷ್ಟೊತ್ತಿಗೆ ಬಾಯಿ ಸರಿಹೋಗತ್ತೆ, ಸುಮ್ನಿರು.”

ಇನ್ನೂ ಹನ್ನೊಂದಾಗಿತ್ತಷ್ಟೇ, ಅವನ ಫೋನ್ ಬಡಿದುಕೊಂಡಿತು. ಇಂಟರ್‌ವ್ಯೂನವರೇ. ಅಷ್ಟರಲ್ಲಿ ಬಾಯಿ ಪೂರ್ತಿ ಮರಗಟ್ಟಿತ್ತು; ಹಲೋ ಎನ್ನಲು ಹೋದವನ ಬಾಯಿಂದ ಜೊಲ್ಲಷ್ಟೇ ಬಂತು. ಅಕ್ಕ ಫೋನ್ ಕಿತ್ತುಕೊಂಡಳು.

“ನಮಸ್ಕಾರ ಸರ್, ನಾನು ಅವನ ಅಕ್ಕ. ಹಲ್ಲು ಕೀಳಿಸ್ತಿದ್ದಾನೆ, ಮಾತು ಹೊರಡ್ತಿಲ್ಲ... ಹೌದು, ಹಳೇ ಕಂಪನಿಯಲ್ಲೂ ಫೋನಲ್ಲಿ ಗ್ರಾಹಕರ ದೂರು ಕೇಳೋ ಕೆಲಸವೇ... ತಾಳ್ಮೆನಾ? ಎಷ್ಟು ಬೈದ್ರೂ ಎದುರಾಡಲ್ಲ ಸರ್. ಬೇಕಿದ್ರೆ ಈಗ್ಲೇ ಬೈದು ನೋಡಿ, ಅವನ ಕಿವಿಗೆ ಕೊಡ್ತೀನಿ.”

ಅಷ್ಟರಲ್ಲಿ ನರ್ಸ್ ಒಳಗೆ ಕರೆದಳು. ತಮ್ಮ, ಫೋನನ್ನು ಕಿವಿಗೊತ್ತಿಕೊಂಡು, ವಿನಯದಿಂದ ತಲೆಯಾಡಿಸುತ್ತಲೇ ನಡೆದ. ಅಕ್ಕ ಅವನ ಹಿಂದೆಯೇ ಓಡುತ್ತ ಫೋನಿಗೆ ಕೇಳುವಂತೆ ಕೂಗಿದಳು:

“ಕಿವಿ ಚೆನ್ನಾಗಿ ಕೇಳತ್ತೆ ಸರ್, ಮೊನ್ನೆಯಷ್ಟೇ ಟೆಸ್ಟ್ ಮಾಡ್ಸಿದೀವಿ! ನಾಲ್ಕು ಗಂಟೆಗೆ ಮಾತೂ ಬರತ್ತೆ!”