ಕಿಟಕಿಯ ಬಿಳಿ ಹಾಳೆ

ವಿನ್ನಿಪೆಗ್‌ನ ಬಸ್ಸಿನಲ್ಲಿ ಡೊರೀನಳ ಮುಂದಿನ ಸೀಟಿನಲ್ಲಿ ಅಕ್ಕತಂಗಿಯರಿಬ್ಬರು ಕುಳಿತಿದ್ದರು. ತಂಗಿಯ ಕೋಟಿಗೆ ಪರವಾನಗಿ ಪಡೆದ ಗಾಂಜಾ ಅಂಗಡಿಯ ಬಿಲ್ಲೆ, ಅದರಲ್ಲಿ ಮಾರಿವಿಕ್ ಎಂಬ ಹೆಸರು. ತೊಡೆಯ ಮೇಲೆ ಬಿಳಿ ಅಂಟುಹಾಳೆಯ ಸುರುಳಿ. ಕೇಳಬಾರದು ಎಂದುಕೊಂಡೇ ಡೊರೀನ್ ಕಿವಿಗೊಟ್ಟಳು.

“ಮತ್ತೆ ಹಚ್ಚಬೇಕಂತಾ?”

“ಹೂಂ ಅಕ್ಕ. ಇನ್‌ಸ್ಪೆಕ್ಟರ್ ಬಂದಿದ್ರು. ಒಳಗಿನ ಸರಕು ಬೀದಿಗೆ ಕಾಣಬಾರದು, ಮಕ್ಕಳ ಕಣ್ಣಿಗೆ ಬೀಳುತ್ತೆ ಅಂದ್ರು. ಇವತ್ತೇ ಕಿಟಕಿ ಮುಚ್ಚದಿದ್ರೆ ಲೈಸೆನ್ಸ್ ಹೋಗುತ್ತಂತೆ.”

“ನೀನು ಹಳೇ ಹಾಳೆ ಕಿತ್ತಿದ್ದಾದ್ರೂ ಎಷ್ಟು?”

“ಅಂಗೈಯಗಲ. ಹೊರಗೆ ಯಾರಿದಾರೆ ಅಂತ ಕಾಣ್ಲಿ ಅಂತ.”

“ಕಿಟಕಿ ಕೆಳಗೆ ಫ್ರೀಸನ್ ಅಜ್ಜಿ ಜಾರಿ ಬಿದ್ದಿದ್ದು ಹೇಳ್ಲಿಲ್ವಾ?”

“ಹೇಳ್ದೆ. ಪಾಪ ಅಂದ್ರು. ನಿಯಮ ಪ್ರಾಂತ್ಯದ್ದು, ನನ್ನ ಕೈಲೇನಿದೆ ಅಂದ್ರು.”

“ನೀನೇನು ಬೇಕಂತ ಮಾಡಿದ್ಯಾ, ಬಿಡೇ.”

“ಅವತ್ತು ಗಾಜು ತಟ್ಟಿದ್ದು ಕೇಳಿಸ್ತು ಅಕ್ಕ, ಹಾಳೆ ಅಡ್ಡ ಇತ್ತು, ಯಾರೂ ಕಾಣ್ಲಿಲ್ಲ. ಸ್ಕೂಲ್ ಹುಡುಗರ ಚೇಷ್ಟೆ ಅಂದ್ಕೊಂಡು, ‘ಹೋಗ್ರೋ ಆಚೆ’ ಅಂತ ಒಳಗಿಂದಾನೇ ಗದರಿಸ್ದೆ. ಮಂಡಿನೋವಿನ ಎಣ್ಣೆಗೆ ಬಂದಿದ್ದ ಅಜ್ಜಿ, ಮಂಜಲ್ಲಿ ಬಿದ್ಕೊಂಡು ಹತ್ತು ನಿಮಿಷ ತಟ್ಟಿದಾರೆ.”

“ಚಳಿಗೆ ಮರಗಟ್ಟಿದ ಬೆರಳು ಉಳಿದ್ವಾ?”

“ಎರಡನ್ನ ಆಸ್ಪತ್ರೇಲಿ ಕತ್ತರಿಸಿ ತೆಗೆದ್ರಂತೆ. ತಟ್ಟಿದ ಕೈದು.”

ಅಕ್ಕ ತಂಗಿಯ ತೊಡೆಯ ಮೇಲಿದ್ದ ಸುರುಳಿಯನ್ನು ಮುಟ್ಟಿದಳು.

“ಹಾಳೆ ಹಚ್ಚಿದ್ಮೇಲೆ ಯಾರಾದ್ರೂ ತಟ್ಟಿದ್ರೆ?”

“ತಟ್ಟದಿದ್ರೂ ಬಾಗಿಲು ತೆಗೆದು ನೋಡ್ತೀನಿ. ಚಳಿ ನುಗ್ಗುತ್ತೆ ಅಂತ ಗಿರಾಕಿಗಳು ಬೈತಾರೆ, ಬೈಲಿ.”

ಬಸ್ಸು ನಿಂತಿತು. ಮಾರಿವಿಕ್ ಸುರುಳಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ಏಳುವ ಮುನ್ನ ಕಿಟಕಿಗೆ ಕಟ್ಟಿದ್ದ ಮಂಜನ್ನು ಅಂಗೈಯಿಂದ ಒರೆಸಿ, ಹೊರಗೆ ಕೆಳಗಡೆ ಬಗ್ಗಿ ನೋಡಿದಳು. ಆಮೇಲೇ ಅಕ್ಕನ ಹಿಂದೆ ಇಳಿದಳು.