ಚಿಪ್ ಬದಲಿಸಿದವನ ಮಗಳ ಮದುವೆ

ನೋಡಿ, ಒಬ್ಬ ಶ್ರೀಮಂತನಿದ್ದ. ಯಾವ ಊರು ಅಂತ ಕೇಳಬೇಡಿ. ಊರು ಹೇಳಿದರೆ ನಿಮ್ಮಲ್ಲೇ ಒಬ್ಬರು ‘ಅಯ್ಯೋ, ನಮ್ಮ ಷಡ್ಡಕ’ ಅಂತ ಎದ್ದು ನಿಲ್ಲುತ್ತೀರಿ. ಬಸ್ ಸ್ಟ್ಯಾಂಡಿನ ಎದುರು ಅವನದೊಂದು ದೊಡ್ಡ ಅಂಗಡಿ. ಆಹ್ವಾನ ಪತ್ರಿಕೆ ಅಚ್ಚು ಹಾಕುವುದು. ಮದುವೆ, ಮುಂಜಿ, ನಾಮಕರಣ, ವೈಕುಂಠ ಸಮಾರಾಧನೆ, ಯಾರು ಯಾರನ್ನು ಊಟಕ್ಕೆ ಕರೆಯಬೇಕಾದರೂ ಅವನ ಲೇಸರ್ ಪ್ರಿಂಟರಿನ ಹೊಟ್ಟೆಯೊಳಗಿಂದ ಹಾದೇ ಬರಬೇಕು. ಹೀಗೆ ಊರಿಗೆಲ್ಲ ಕರೆಯೋಲೆ ಮಾಡಿಕೊಡುವವನ ಸ್ವಂತ ಅಕ್ಕ ಮಾತ್ರ ಇವನ ಹೊಸ್ತಿಲು ತುಳಿಯುತ್ತಿರಲಿಲ್ಲ.

ಯಾಕೆ? ಅಕ್ಕ ಕಷ್ಟಪಟ್ಟು ಒಂದು ಸಣ್ಣ ಮನೆ ಕಟ್ಟಿಸಿದ್ದಳು. ಗೃಹಪ್ರವೇಶದ ದಿನ ಇವನು ನೆಂಟರೆದುರು ಜೋರಾಗಿ ನಕ್ಕು, ‘ನನ್ನ ಗೋಡೌನೇ ಇದಕ್ಕಿಂತ ದೊಡ್ಡದಿದೆ’ ಅಂದಿದ್ದ. ತಮಾಷೆಗೆ ಅಂದದ್ದು. ತಮಾಷೆಗೇ ಅಂದದ್ದು ಸ್ವಾಮಿ! ಕುಂಕುಮದ ಬಟ್ಟಲು ಹಿಡಿದು ನಿಂತಿದ್ದ ಅಕ್ಕನಿಗೆ ಮಾತ್ರ ನಗು ಬರಲಿಲ್ಲ. ಮಾರನೆಯ ದಿನ ಹೋಗಿ ‘ತಪ್ಪಾಯಿತು’ ಅನ್ನಬೇಕಿತ್ತಲ್ಲ, ಇವನೇನು ಮಾಡಿದ? ಒಂದು ಮಿಕ್ಸಿ ಕಳಿಸಿದ. ದೊಡ್ಡ ಜಾರು, ಸಣ್ಣ ಜಾರು, ಜ್ಯೂಸಿನ ಜಾರು, ಎಲ್ಲ ಇರುವ ಮಿಕ್ಸಿ. ಅಲ್ಲಿಗೆ ವಿಷಯ ಮುಗಿಯಿತು ಅಂದುಕೊಂಡ. ನಗಬೇಡಿ ತಾಯಿ, ನಿಮ್ಮ ಯಜಮಾನರ ಕಡೆಯಿಂದ ಬಂದ ಸೀರೆಗಳಲ್ಲಿ ಎಷ್ಟು ಇಂಥವು ಅಂತ ಬೀರು ತೆಗೆದು ನೋಡಿಕೊಳ್ಳಿ.

ಹೀಗಿರುವಾಗ ಅವನ ಒಬ್ಬಳೇ ಮಗಳು ಸುಮೇಧಾಳ ಮದುವೆ ನಿಶ್ಚಯವಾಯಿತು. ಅವಳು ಚಿಕ್ಕಂದಿನಿಂದ ಈ ಸೋದರತ್ತೆಯ ಮಡಿಲಲ್ಲಿ ಬೆಳೆದವಳು. ಅಪ್ಪನ ಮುಂದೆ ನಿಂತು, ದನಿ ಏರಿಸದೆ ಹೇಳಿದಳು: “ಅತ್ತೆ ಬರ್ದೇ ನಾನು ಹಸೆಮಣೆ ಮೇಲೆ ಕೂರಲ್ಲ ಅಪ್ಪ.”

ಇಬ್ಬರೂ ಹೋಗಿ, ಅರಿಶಿನ ಕುಂಕುಮ ಕೊಟ್ಟು ಕರೆದು ಬರೋಣ ಎಂದು ಹೆಂಡತಿ ಅಂದಳು. ಎಲ್ಲರಿಗೂ ಅಂಚೆಯಲ್ಲಿ ಪತ್ರಿಕೆ ಹೋಗುವಾಗ ಅವಳೊಬ್ಬಳೇನು ಮಹಾರಾಣಿಯೇ ಎಂದು ಇವನು ರೇಗಿದ. ರೇಗಿದ್ದೇನೋ ಹೌದು, ಒಳಗಿದ್ದದ್ದು ಭಯ. ಆ ಬಾಗಿಲಲ್ಲಿ ನಿಂತರೆ ತನ್ನ ಬಾಯಿಂದ ಏನು ಹೊರಡಬೇಕು ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅದೇ ಹೊತ್ತಿಗೆ ಪ್ರಿಂಟರಿನ ಡ್ರಮ್ಮು ಕೆಟ್ಟಿತು. ಡ್ರಮ್ಮು ಅಂದರೆ ಬಾರಿಸುವುದಲ್ಲ. ಅಕ್ಷರಗಳನ್ನು ಮೊದಲು ತನ್ನ ಮೈಮೇಲೆ ಮೂಡಿಸಿಕೊಂಡು ಆಮೇಲೆ ಕಾಗದಕ್ಕೆ ಒತ್ತುವ ಉರುಳೆ. ಆ ಯಂತ್ರದ್ದೇ ಡ್ರಮ್ಮು ತರಿಸಲು ಇವನಿಗೆ ಮನಸ್ಸಿಲ್ಲ. ನೋಡಲು ಹಾಗೇ ಇರುವ, ಬೇರೆ ಯಾವುದೋ ಯಂತ್ರದ ಡ್ರಮ್ಮು ತಂದು ಒಳಕ್ಕೆ ತಳ್ಳಿದ. ಟಕ್ ಅಂತ ಕೂತಿತು. ಕೂತಿತಲ್ಲ, ಇನ್ನೇನು ಬೇಕು?

ಯಂತ್ರ ಕೆಂಪು ದೀಪ ಹಚ್ಚಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆಯಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ, ‘ಧಣೀ, ಇದು ನನ್ನದಲ್ಲ.’ ಶ್ರೀಮಂತ ಮುಚ್ಚಳ ತೆಗೆದು ಹಾಕಿದ. ‘ಇದು ನನ್ನದಲ್ಲ.’ ಸ್ವಿಚ್ಚು ಆರಿಸಿ ಹಚ್ಚಿದ. ‘ಇದು ನನ್ನದಲ್ಲ.’ ಡ್ರಮ್ಮು ಹೊರಗೆ ತೆಗೆದು ಉಫ್ ಅಂತ ಊದಿ, ಪಂಚೆಯ ಚುಂಗಿನಿಂದ ಒರೆಸಿ, ಮತ್ತೆ ತಳ್ಳಿದ. ಕೊನೆಗೆ ಪ್ರಿಂಟರಿಗೆ ಊದುಬತ್ತಿಯನ್ನೂ ಬೆಳಗಿದ. ಬುದ್ಧಿ ಓಡದಿದ್ದಾಗ ನಮಗೆ ಭಕ್ತಿ ಬರುತ್ತದೆ, ಅಲ್ಲವೇ? ಯಂತ್ರ ಒಂದೇ ಮಾತು ಹಿಡಿದು ಕೂತಿತ್ತು.

ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಹಳೆಯ ಡ್ರಮ್ಮಿನ ಅಂಚಿನಲ್ಲಿ ಉಗುರಿನಷ್ಟು ದೊಡ್ಡ ಒಂದು ಚಿಪ್ ಇತ್ತು. ಒಳಗಿರುವುದು ಯಾರು ಅಂತ ಯಂತ್ರ ಗುರುತು ಹಿಡಿಯುವುದು ಅದನ್ನು ನೋಡಿಯೇ. ಅದನ್ನು ಕಿತ್ತು ಹೊಸದಕ್ಕೆ ಅಂಟಿಸಿದ. ಹಸಿರು ದೀಪ! ಕಂಪನಿಯವರೇ ಪೆದ್ದರು ಎಂದು ಮೀಸೆ ತಿರುವಿಕೊಂಡ. ಯಂತ್ರ ಸುಮ್ಮನಾಯಿತು, ನಿಜ. ಆದರೆ ಒಳಗಿನ ಡ್ರಮ್ಮು ಬದಲಾಯಿತೇ? ಹೇಳಿ, ಬದಲಾಯಿತೇ?

ಮೊದಲು ಆ ಡ್ರಮ್ಮಿನಲ್ಲಿ ಊರಿನ ಹಿರಿಯರೊಬ್ಬರ ವೈಕುಂಠ ಸಮಾರಾಧನೆಯ ಪತ್ರಿಕೆ ಹೊಡೆಸಿದ. ದೊಡ್ಡ ಮನೆತನ, ದಿನವಿಡೀ ಅದೇ ಪತ್ರಿಕೆ. ಹೊಂದದ ಡ್ರಮ್ಮು ನೋಡಿ, ಒತ್ತಿದ್ದನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ಅಕ್ಷರಗಳ ನೆರಳು ಅದರ ಮೈಗೆ ಅಂಟಿಕೊಂಡಿತು. ಮರುದಿನ ಅದರಲ್ಲೇ ಮಗಳ ಮದುವೆಯ ಪತ್ರಿಕೆ. ಅಂಗಡಿಯ ಮಬ್ಬು ಬೆಳಕಿನಲ್ಲಿ ಹಿಂದೆ ಏನೋ ಮಸುಕಾಗಿ ಕಂಡಿತು. ಡಿಸೈನು ಇರಬೇಕು, ಚೆನ್ನಾಗಿದೆ ಅಂದುಕೊಂಡು ಕವರಿಗೆ ತುಂಬಿಸಿ ಕಳಿಸಿಯೇಬಿಟ್ಟ.

ಪತ್ರಿಕೆ ಮನೆಮನೆಗೆ ತಲುಪಿತು. ಜನ ಜಗಲಿಗೆ ತಂದು ಬಿಸಿಲಿಗೆ ಹಿಡಿದು ನೋಡಿದರು. ಮೇಲೆ ‘ಚಿ.ಸೌ. ಸುಮೇಧಾ’, ಅದರ ಬೆನ್ನಿಗೇ ತೆಳ್ಳಗೆ ‘ವೈಕುಂಠವಾಸಿಗಳಾದ’. ‘ತಾವು ಸಕುಟುಂಬ ಸಮೇತರಾಗಿ’ ಅನ್ನುವುದರ ಹಿಂದೆ ‘ಮೃತರ ಆತ್ಮಕ್ಕೆ’. ಫೋನು ಬಡಿದುಕೊಳ್ಳತೊಡಗಿತು. ಬೀಗರು ಕೇಳಿದರು, ಪುರೋಹಿತರು ಕೇಳಿದರು. ಕೊನೆಗೆ ಬಂದದ್ದು ಅಕ್ಕನ ಫೋನು. ಎಷ್ಟೋ ಕಾಲದ ಮೇಲೆ ಕೇಳಿದ ದನಿ.

“ಪತ್ರಿಕೆ ಬಂತು ಕಣೋ. ಮದುವೆಗೆ ರೇಷ್ಮೆ ಸೀರೆ ಉಟ್ಕೊಂಡು ಬರ್ಲೋ, ಇಲ್ಲ ತಿಥಿ ಊಟ ಅಂತ ಸಾದಾ ಸೀರೇಲಿ ಬರ್ಲೋ?”

ಅಷ್ಟು ಕೇಳಿ ಇಟ್ಟುಬಿಟ್ಟಳು. ಶ್ರೀಮಂತನಿಗೆ ಅಳು ಬಂತು. ಅಪಶಕುನದ ಪತ್ರಿಕೆ ಯಾರ ಮನೆಯಲ್ಲೂ ಉಳಿಯಬಾರದಲ್ಲ, ವಾಪಸ್ ಪಡೆಯಲು ಹೆಂಡತಿಯ ಜೊತೆ ತಾನೇ ಹೊರಟ. ಪ್ರತಿ ಮನೆಯ ಬಾಗಿಲಲ್ಲೂ ಕೈ ಮುಗಿದ. ಹೆಂಡತಿ ಹೇಗೂ ಬಂದಿದ್ದೇವೆಂದು ಕುಂಕುಮ ಕೊಟ್ಟು ಬಾಯ್ತುಂಬ ಕರೆದಳು. ನೋಡಿ ಚೋದ್ಯ, ಅಂಚೆಗೆ ಹಾಕಿ ತಪ್ಪಿಸಿಕೊಂಡವನು ಮನೆಮನೆ ಸುತ್ತಿಯೇ ಕರೆಯಬೇಕಾಯಿತು!

ಅಕ್ಕನ ಮನೆಯನ್ನು ಕೊನೆಗಿಟ್ಟುಕೊಂಡಿದ್ದ. ಒಳಗೆ ಕಾಲಿಟ್ಟರೆ ಮೊದಲು ಕಂಡದ್ದು ಅವನ ಮಿಕ್ಸಿ. ಪೆಟ್ಟಿಗೆಯ ಟೇಪು ಬಿಚ್ಚಿಲ್ಲ. ಮೇಲೆ ಮನಿಪ್ಲಾಂಟಿನ ಕುಂಡ ಇಟ್ಟಿದ್ದಾಳೆ. ಅವನು ನೋಡುವುದನ್ನು ಅವಳೂ ನೋಡಿದಳು.

“ಅಲ್ಲಿ ಚೆನ್ನಾಗೇ ಕೂತಿದೆ. ಆದ್ರೆ ನಂಗೆ ಬೇಕಾಗಿದ್ದು ಅದಲ್ಲ ಕಣೋ.”

ಶ್ರೀಮಂತನಿಗೆ ಪರದೆಯ ಮೇಲಿನ ಆ ಇಂಗ್ಲಿಷು ಆಗ ಅರ್ಥವಾಯಿತು. ನೆಲದ ಮೇಲೆ ಕೂತುಬಿಟ್ಟ. “ತಪ್ಪಾಯ್ತು ಅಕ್ಕ. ಅವತ್ತು ಹಾಗನ್ಬಾರ್ದಿತ್ತು.” ಅಕ್ಕ ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟು, ರೇಷ್ಮೆ ಸೀರೆಗೆ ರವಿಕೆ ಹೊಲಿಸಲು ಟೈಲರು ಈಗ ಒಪ್ಪುತ್ತಾನೋ ಇಲ್ಲವೋ ಎಂದು ಅವನ ಹೆಂಡತಿಯನ್ನು ಕೇಳಿದಳು.

ಕಥೆ ಅವನದು ಅಂತ ಹಾಯಾಗಿ ಕೂರಬೇಡಿ. ಅಮ್ಮನ ಪಕ್ಕ ಕೂತು ಮಾತಾಡಬೇಕಾದ ಕಡೆ ನಾವು ದೊಡ್ಡ ಟಿವಿ ಇಟ್ಟಿದ್ದೇವೆ. ‘ತಪ್ಪಾಯಿತು’ ಅನ್ನಬೇಕಾದ ಕಡೆ ಸ್ವೀಟ್ ಬಾಕ್ಸು. ಮಗ ಅಂಕಪಟ್ಟಿ ಹಿಡಿದು ಹೆದರಿ ನಿಂತರೆ, ಹೆಗಲ ಮೇಲೆ ಕೈಯಿಡುವ ಬದಲು ಟ್ಯೂಷನ್ನು. ಎಲ್ಲ ಟಕ್ ಅಂತ ಕೂರುತ್ತವೆ. ಮನೆಯವರ ಮುಖದಲ್ಲಿ ಕೆಂಪು ದೀಪ ಹತ್ತಿದರೆ ‘ಎಲ್ಲ ನಿಮಗಾಗಿಯೇ’ ಅಂತ ಮೇಲೊಂದು ಚಿಪ್ ಅಂಟಿಸುತ್ತೇವೆ. ಕೆಲವರ ಚಿಪ್ ಹಣೆಯ ಮೇಲೇ ಇದೆ, ಇಲ್ಲಿಂದ ಚೆನ್ನಾಗಿ ಕಾಣುತ್ತಿದೆ. ನನ್ನದು ನಿಮಗೆ ಕಾಣುತ್ತಿರಬಹುದು.

ಆದ್ದರಿಂದ ಒಂದೇ ಕೆಲಸ. ನಿಮಗೂ ಒಬ್ಬ ಅಕ್ಕನೋ ತಮ್ಮನೋ, ಪಕ್ಕದ ಮನೆಯವರೋ ಇದ್ದಾರೆ. ಹೆಸರು ಈಗಲೇ ನೆನಪಾಯಿತು, ನನಗೆ ಗೊತ್ತು. ಅವರಿಗೆ ಏನನ್ನೂ ಕಳಿಸಬೇಡಿ. ಫೋನಿನಲ್ಲಿ ಕೈ ಮುಗಿಯುವ ಚಿತ್ರವಂತೂ ಬೇಡವೇ ಬೇಡ. ಮನೆಗೆ ಹೋಗುವ ದಾರಿಯಲ್ಲಿ ಅವರ ಬಾಗಿಲು ತಟ್ಟಿ, ಹೇಳಬೇಕಾದ್ದನ್ನು ನಿಮ್ಮ ಬಾಯಲ್ಲೇ ಹೇಳಿ. ಇಲ್ಲಿ ಕೊಡುವ ಪ್ರಸಾದದ ಪೊಟ್ಟಣ ಕೈಯಲ್ಲಿ ಹಿಡಿದು ಹೋಗಬೇಡಿ, ಅದನ್ನೇ ಕೊಟ್ಟು ವಾಪಸ್ ಬಂದುಬಿಡುತ್ತೀರಿ.