ಪದಕಕ್ಕೆ ಕಟ್ಟು

ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯವನ ಕೈ ಗಾಜು ಕೊಯ್ಯುತ್ತಿತ್ತು, ಕಿವಿ ಮಾತ್ರ ಬೆಂಚಿನ ಕಡೆಗೇ ಇತ್ತು. ಯುದ್ಧದಲ್ಲಿ ಮಡಿದ ಮಗನ ಪದಕವನ್ನೂ ಅದರ ಜೊತೆ ಬಂದ ಸರ್ಕಾರಿ ಪತ್ರವನ್ನೂ ಮಡಿಲಲ್ಲಿಟ್ಟುಕೊಂಡು ತಾಯಿ ಕುಳಿತಿದ್ದರು. ಪಕ್ಕದಲ್ಲಿ ಊರುಗೋಲಿನವನು, ಆ ಮಗ ಗುಂಡಿನ ಮಳೆಯಲ್ಲಿ ಹೊತ್ತು ತಂದು ಉಳಿಸಿದ ಜೊತೆಗಾರ.

"ಇದ್ರಲ್ಲಿ 'ಲವಲೇಶವೂ ಅಳುಕದೆ' ಅಂತ ಬರ್ದಿದ್ದಾರಲ್ಲಪ್ಪಾ. ಹಲ್ಲಿ ಕಂಡ್ರೆ ಮಂಚ ಹತ್ತೋನು ನನ್ನ ಮಗ. ಇವರು ಯಾರ ಮನೆ ಮಗನ ಬಗ್ಗೆ ಬರ್ದಿದ್ದಾರೋ ಅನ್ಸುತ್ತೆ."

"ಒಂದು ಮಾತು ಹೇಳ್ಲಾ ಅಮ್ಮ? ಬೇಜಾರು ಮಾಡ್ಕೋಬಾರ್ದು."

"ಹೇಳು."

"ಹೆದರಿದ್ದ. ನನ್ನ ಹೊತ್ಕೊಂಡು ಬರುವಾಗ ಹಲ್ಲು ಕಟಕಟ ಅಂತಿತ್ತು. ದಾರಿ ಉದ್ದಕ್ಕೂ 'ಅಮ್ಮಾ, ಅಮ್ಮಾ' ಅಂತಿದ್ದ. ಆದ್ರೂ ನನ್ನ ಕೆಳಗೆ ಹಾಕ್ಲಿಲ್ಲ. ಇಳಿಸಿದವನೇ, ಇನ್ನೊಬ್ಬನನ್ನ ತರ್ತೀನಿ ಅಂತ ತಿರುಗಿ ಹೋದ."

ಗಾಜಿನ ಮೇಲೆ ಅಂಗಡಿಯವನ ಕೈ ನಿಂತಿತು.

"ಹೆದರಿದ್ನಾ? ನಿಜವಾಗ್ಲೂ?"

"ಹೂಂ ಅಮ್ಮ. 'ಅಮ್ಮಂಗೆ ಮಾತ್ರ ಹೇಳ್ಬೇಡ' ಅಂತಾನೂ ಅಂದಿದ್ದ."

"ಅಯ್ಯೋ, ಪೆದ್ದು ಮುಂಡೇದು!" ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಆಕೆ ನಕ್ಕುಬಿಟ್ಟರು. "ಹಾಗಾದ್ರೆ ನನ್ನ ಮಗನೇ ಕಣೋ ಅವನು. ಎರಡು ವರ್ಷದಿಂದ ಎದೆ ಮೇಲೆ ಕೂತಿದ್ದ ಕಲ್ಲು ಈಗ ಇಳೀತು."

ಅಂಗಡಿಯವನು ಪದಕಕ್ಕೂ ಪತ್ರಕ್ಕೂ ಕೈ ಚಾಚಿದ. "ಅಮ್ಮ, ಎರಡನ್ನೂ ಒಂದೇ ಕಟ್ಟಿಗೆ ಹಾಕ್ಲಾ?"

"ಹಾಕಪ್ಪಾ." ಊರುಗೋಲಿನವನ ತೋಳು ಹಿಡಿದು ಮೆಟ್ಟಿಲಿಳಿಯುತ್ತಿದ್ದವರು ತಿರುಗಿ ನೋಡಿದರು. "ಹಿಂಬದಿ ಮಾತ್ರ ಬಿಗಿಯಾಗಿ ಮುಚ್ಚು. ಹಲ್ಲಿ ಹೊಕ್ಕೊಂಡ್ರೆ ಅವನು ಅಲ್ಲಿರೋದಿಲ್ಲ."